ಇಲಿ ಸಿಗುವವರೆಗೆ

ನಮ್ಮ ದ್ವೀಪದಲ್ಲಿ ಕಳ್ಳನಿಗೂ ಕ್ಷಮೆ ಸಿಕ್ಕೀತು, ಇಲಿಗೆ ಸಿಗುವುದಿಲ್ಲ. ಇಲ್ಲಿನ ಕಡಲಹಕ್ಕಿಗಳು ನೆಲದಲ್ಲಿ ಬಿಲ ತೋಡಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತವೆ. ಒಂದು ಬಸುರಿ ಇಲಿ ದಡ ಹತ್ತಿದರೆ ಸಾಕು, ಹಕ್ಕಿಗಳ ಸಂತಾನವೇ ನಿರ್ನಾಮ. ಅದಕ್ಕೇ ದೋಣಿಯಿಂದ ಇಳಿದ ಪ್ರತಿ ಮೂಟೆಯನ್ನೂ ಕಿಟಕಿಯಿಲ್ಲದ ತಪಾಸಣೆ ಕೋಣೆಯಲ್ಲೇ ಬಿಚ್ಚಬೇಕು. ಇಬ್ಬರು ಒಳಗೆ ಹೋಗಿ ಚಿಲಕ ಹಾಕಿಕೊಳ್ಳಬೇಕು. ಒಬ್ಬರು ಬಿಚ್ಚುವುದು, ಇನ್ನೊಬ್ಬರು ನೆಲ ನೋಡುವುದು. ಇಲಿ ಕಂಡರೆ, ಅದು ಸಿಗುವವರೆಗೂ ಬಾಗಿಲು ತೆಗೆಯುವಂತಿಲ್ಲ.

ಈ ನಿಯಮ ಮಾಡಿದವನು ಸಂಶೋಧನಾ ಕೇಂದ್ರದ ಮುಖ್ಯಸ್ಥ, ಅಂದರೆ ನನ್ನ ಗಂಡ. ಸೆಕೆ ತಾಳಲಾರದೆ ಆ ಬಾಗಿಲನ್ನು ಒಂದಿಷ್ಟು ಸರಿಸಿದ್ದಕ್ಕೆ ಅಡುಗೆಯವನನ್ನು ಅದೇ ದೋಣಿಯಲ್ಲಿ ವಾಪಸ್ಸು ಅಟ್ಟಿದ ಮಹಾನುಭಾವ. ಅಂದಿನಿಂದ ಹಕ್ಕಿ ಎಣಿಸುವುದರ ಜೊತೆಗೆ ಒಲೆಯೂ ನನ್ನ ತಲೆಗೇ ಬಿತ್ತು.

ಆ ದಿನ ನಾನು ಊರಿಗೆ ಹೊರಟಿದ್ದೆ. ತಂಗಿಗೆ ದಿನ ತುಂಬಿತ್ತು, ಚೊಚ್ಚಲ ಹೆರಿಗೆ. ನಮಗೆ ಅಮ್ಮ ಇಲ್ಲ. ಅವಳಿಗೆ ಅಕ್ಕನೂ ನಾನೇ, ಅಮ್ಮನೂ ನಾನೇ. “ಅಕ್ಕ, ನೀನು ಪಕ್ಕದಲ್ಲಿ ಇರ್ಬೇಕು ಕಣೇ, ನಂಗೆ ತುಂಬಾ ಭಯ ಆಗ್ತಿದೆ” ಎಂದು ಫೋನಿನಲ್ಲಿ ಅತ್ತಿದ್ದಳು. ಮುಂದಿನ ದೋಣಿ ಬರುವಷ್ಟರಲ್ಲಿ ಮಗು ಹುಟ್ಟಿ ನಗಲು ಕಲಿತಿರುತ್ತಿತ್ತು.

ಗಂಡ ಬೇಡ ಅನ್ನಲಿಲ್ಲ, ಹೋಗಿ ಬಾ ಅಂತಲೂ ಅನ್ನಲಿಲ್ಲ. “ವಾಪಸ್ ಬರ್ತೀಯ ತಾನೆ?” ಎಂದು ಮಾತ್ರ ಕೇಳುತ್ತಿದ್ದ. ನಾನು ಪ್ರತಿ ಸಲವೂ ಮಾತು ತೇಲಿಸುತ್ತಿದ್ದೆ. ಒಣಗದ ಹಾಸಿಗೆ, ಹಿಕ್ಕೆಯ ನಾತ, ಎದ್ದರೆ ಕೂತರೆ ಅದೇ ಎರಡು ಮುಖ, ನನಗೆ ಸಾಕಾಗಿಹೋಗಿತ್ತು.

“ಅತ್ತಿಗೆ, ನಿಮ್ಮ ಚೀಲ ದೋಣಿಗೆ ಹಾಕ್ದೆ,” ಎಂದು ಮೆಕ್ಯಾನಿಕ್ ತಪಾಸಣೆ ಕೋಣೆಯ ಬಾಗಿಲಾಚೆಯಿಂದ ಕೂಗಿದ. ದ್ವೀಪದಲ್ಲಿದ್ದ ಮೂರನೆಯವನು ಅವನೇ. “ಬೇಗ ಮುಗ್ಸಿ. ನೀರು ಇಳಿದ್ರೆ ದೋಣಿಯವನು ಅವರಪ್ಪ ಹೇಳಿದ್ರೂ ನಿಲ್ಲಲ್ಲ!”

ಕೊನೆಯ ಮೂಟೆ ಉಳಿದಿತ್ತು. ನಾನು ಹುರಿ ಬಿಚ್ಚುತ್ತಿದ್ದೆ, ಗಂಡ ನೆಲ ನೋಡುತ್ತಿದ್ದ.

“ಇಲಿ!” ಎಂದ.

ನಾನು ಹುರಿ ಬಿಟ್ಟು ತಿರುಗಿದೆ. “ಎಲ್ಲಿ? ನಂಗೇನೂ ಕಾಣ್ಲಿಲ್ಲ.”

“ಬಾಲ ಕಂಡೆ. ಕಪಾಟಿನ ಕಡೆ ಹೋಯ್ತು.”

ನಂಬಿದೆ. ಬೇರೆ ಯಾವ ವಿಷಯದಲ್ಲಾದರೂ ಅನುಮಾನ ಪಡುತ್ತಿದ್ದೆ. ಇಲಿಯ ವಿಷಯದಲ್ಲಿ ಅವನು ಹರಿಶ್ಚಂದ್ರ. ಕಪಾಟು ಎಳೆದೆವು, ಡಬ್ಬಗಳನ್ನು ಬೋರಲು ಹಾಕಿದೆವು, ಬಿಚ್ಚಿದ ಮೂಟೆಗಳನ್ನೆಲ್ಲ ಮತ್ತೆ ಕೊಡವಿದೆವು. ಗುಡ್ಡ ಅಗೆದು ಇಲಿ ಹಿಡಿದರು ಅಂತಾರಲ್ಲ, ನಮಗೆ ಆ ಇಲಿಯೂ ಸಿಗಲಿಲ್ಲ. ನಾನು ಹೊಟ್ಟೆಯ ಮೇಲೆ ಮಲಗಿ ಕಪಾಟಿನ ಕೆಳಗೆ ಟಾರ್ಚು ಬಿಟ್ಟು, ಸಿಕ್ಕಿಬಿಡು ಮಾರಾಯ್ತಿ ಎಂದು ಬೇಡಿಕೊಂಡೆ. ಹೊರಗೆ ದೋಣಿಯ ಹಾರನ್ ಒಂದೇ ಸಮನೆ ಕೂಗುತ್ತಿತ್ತು. ಚಿಲಕ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಆದರೆ ನಾನೇ ಎಣಿಸಿದ ಮೊಟ್ಟೆಗಳವು, ಹೇಗೆ ತೆಗೆಯಲಿ?

ಎಂಜಿನ್ನಿನ ಸದ್ದು ದೂರವಾಯಿತು. ಆಮೇಲೆ ಅದೂ ಕೇಳಿಸಲಿಲ್ಲ. ಗೋಣಿಚೀಲಗಳ ನಡುವೆ ಕೂತು ಜೋರಾಗಿ ಅತ್ತುಬಿಟ್ಟೆ.

ಗಂಡ ಬಂದು ನನ್ನ ಭುಜ ಮುಟ್ಟಿದ. “ಏಳು, ಮುಖ ತೊಳ್ಕೋ. ನಾನು ಟೀ ಮಾಡ್ತೀನಿ,” ಎಂದು ಹೋಗಿ ಚಿಲಕ ಸರಿಸಿದ.

ನಾನು ಅವನ ಕೈಯನ್ನೇ ನೋಡಿದೆ. ಅಡುಗೆಯವನ ಹೊಟ್ಟೆಪಾಡು ಕಿತ್ತುಕೊಂಡಿದ್ದು ಅದೇ ಬಾಗಿಲಿಗಾಗಿ.

“ಇಲಿ?” ಎಂದೆ.

ಅವನ ಕೈ ಚಿಲಕದ ಮೇಲೆಯೇ ನಿಂತಿತು. ತಿರುಗಲಿಲ್ಲ. ಕಿವಿಯ ತುದಿಯವರೆಗೂ ಕೆಂಪಾದ.

ನನ್ನ ಅಳು ನಿಂತೇಹೋಯಿತು. ಎದ್ದು ಅವನ ಕೈ ಸರಿಸಿ, ಚಿಲಕ ಮತ್ತೆ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತೆ.

“ಅಣ್ಣಾ, ಸಿಕ್ತಾ?” ಮೆಕ್ಯಾನಿಕ್ ಹೊರಗಿನಿಂದ ಕೇಳಿದ.

ಗಂಡ ನನ್ನ ಮುಖ ನೋಡಿದ. ನಾನು ಟಾರ್ಚು ಎತ್ತಿಕೊಂಡೆ.

“ಇಲ್ಲ,” ಎಂದ ಕೊನೆಗೆ. “ಇನ್ನೂ ಇಲ್ಲ.”

“ಹಾಗಾದ್ರೆ ಹುಡುಕು,” ಎಂದು ಟಾರ್ಚನ್ನು ಅವನ ಮುಂದೆ ಹಿಡಿದೆ.

ಅವನು ತೆಗೆದುಕೊಂಡ. ಮಂಡಿಯೂರಿ, ಕಪಾಟಿನ ಕೆಳಗೆ ಬೆಳಕು ಬಿಟ್ಟು, ಹುಡುಕತೊಡಗಿದ.