ಬೀಸುವ ಪದಕ್ಕೆ ಎಷ್ಟು ವ್ಯಾಟ್?

ಥಾಣೆ ಹತ್ತಿರದ ರಬಾಳೆಯ ಫ್ಯಾಕ್ಟರಿಯಲ್ಲಿ ಲೋಡಿಂಗ್ ಮಾಡುವ ಸೈದಪ್ಪನಿಗೆ ಆ ವಾರವಿಡೀ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ವಿಠ್ಠಲವಾಡಿಯ ಒಂದೇ ಕೋಣೆಯ ಬಾಡಿಗೆ ಖೋಲಿಯಲ್ಲಿ ಅವನ ಅವ್ವ ಸಾಬವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ಗಂಟಲಿನ ಆಪರೇಷನ್ ಆದಮೇಲೆ ಅವಳ ದನಿ ಹೋಗಿತ್ತು. ದನಿಯ ಹಿಂದೆಯೇ ಊಟ, ನಗು ಎಲ್ಲ ಹೋದವು. ಅವ್ವನನ್ನು ಹೇಗಾದರೂ ಈ ಕಡೆ ತಿರುಗಿಸಬೇಕು, ಅದೊಂದೇ ಅವನ ಹಟ.

ಅದಕ್ಕೊಂದು ದಾರಿಯೂ ಸಿಕ್ಕಿತ್ತು. ಹಿಂದೊಮ್ಮೆ ಊರಲ್ಲಿ ಅವ್ವ ನಸುಕಿಗೆದ್ದು ಜೋಳ ಬೀಸುತ್ತ ಹಾಡುವಾಗ ಅವನ ತಂಗಿ ಜ್ಯೋತಿ ಬಾಗಿಲ ಮರೆಯಲ್ಲಿ ನಿಂತು, ಅವಳಿಗೆ ತಿಳಿಯದಂತೆ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ಅದನ್ನೀಗ ವಾಟ್ಸ್ಯಾಪಿನಲ್ಲಿ ಕಳಿಸಿದ್ದಳು. ಆ ರಾಗ ಕೇಳುತ್ತಲೇ ಸೈದಪ್ಪ ಚಿಕ್ಕಂದಿನಲ್ಲಿ ನಿದ್ದೆ ಮಾಡಿದ್ದು. ಹಾಡಿನ ಮಾತೇನು ಎಂದು ಮಾತ್ರ ಎಂದೂ ಕಿವಿಗೊಟ್ಟವನಲ್ಲ. ಫೋನಿನಲ್ಲಿ ಹಚ್ಚಿದ; ಬರೀ ಕೀರಲು. ಅವ್ವ ಬೆಚ್ಚಿ ನೋಡಿ ಮತ್ತೆ ಗೋಡೆಗೆ ತಿರುಗಿದಳು. ಪವರ್ ಸಾಲದು ಎಂದು ಸೈದಪ್ಪ ತೀರ್ಮಾನಿಸಿಬಿಟ್ಟ. ಪ್ರತಿವರ್ಷ ಗಣಪತಿ ಮೆರವಣಿಗೆಯಲ್ಲಿ ಡೀಜೆ ಗಾಡಿಯ ಮುಂದೆ ಕುಣಿಯುವವನಿಗೆ ಬೇರೇನು ಹೊಳೆದೀತು ಹೇಳಿ!

"ಈಟು ಖೋಲಿಗಿ ಎರಡು ವ್ಯಾಟ್ ಅಂದ್ರ ಭಾಳ ಆಯ್ತೋ," ಎಂದ ಜೊತೆಯ ಕೆಲಸಗಾರ ಭೀಮು, ಥಾಣೆಯಲ್ಲಿ ಟ್ರೇನ್ ಬದಲಿಸುವಾಗ. "ಕೈ ಚಾಚಿದ್ರ ಸ್ಪೀಕರ್ ಸಿಗ್ತದ. ನೀ ಏನ್ ಮೈದಾನಕ್ಕ ಕೇಳಸ್ತೀಯೇನ್?"

"ನಿನಗೇನ್ ತಿಳಿತದ ಬಿಡಪಾ. ಇನ್ನೂರು ವ್ಯಾಟಿಂದು ತರ್ತೀನಿ, ನೋಡ್ಕೋತ ಇರು."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಭಾನುವಾರ ಬೆಳಿಗ್ಗೆಯೇ ಉಲ್ಹಾಸನಗರಕ್ಕೆ ಓಡಿ, ಸೆಕೆಂಡ್‌ಹ್ಯಾಂಡ್ ಆಂಪ್ಲಿಫೈಯರನ್ನೂ ಎರಡು ಸ್ಪೀಕರನ್ನೂ ಹೊತ್ತು ತಂದ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಫೋನಿನ ವಯರ್ ಸಿಕ್ಕಿಸಿ ಗುಂಡಿ ತಿರುಗಿಸಿದ್ದೇ ತಡ, ಬೀಸುಕಲ್ಲಿನ ಗುಡುಗುಡು ಖೋಲಿಯನ್ನೆಲ್ಲ ತುಂಬಿತು. ಗೋಡೆ ಹಲಗೆಯ ಮೇಲಿನ ಡಬ್ಬಿಗಳು ಅದುರಿದವು. ಆ ಗದ್ದಲದಲ್ಲಿ ಅವ್ವನ ದನಿ ಎಲ್ಲೋ ಮುಳುಗಿಹೋಯಿತು.

"ಆವಾಜ್ ಕಮೀ ಕರ್ ರೇ!" ಪಕ್ಕದ ಖೋಲಿಯ ಚಂದ್ರಬಾಯಿ ಬಾಗಿಲಲ್ಲಿ ನಿಂತು, ಸದ್ದು ಇಳಿಸು ಎಂದು ಮರಾಠಿಯಲ್ಲಿ ಕೂಗಿದಳು. ಸಾಬವ್ವ ದಿಂಬನ್ನು ಕಿವಿಗೆ ಒತ್ತಿಕೊಂಡಳು.

"ಅವ್ವಾ, ನಿನ್ನ ದನಿ ನೋಡು! ಕೇಳ್ತದಿಲ್ಲೋ?" ಸೈದಪ್ಪ ಗುಂಡಿಯನ್ನು ಇನ್ನಷ್ಟು ತಿರುಗಿಸಿದ.

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ದಾನೇಶ್ವರಿಗೆ ತಡೆಯಲಾಗಲಿಲ್ಲ. "ಅತ್ತಿ ಬೀಸೂ ಕಲ್ಲಿಗಿ ಹೇಳಿಕೊಂಡಿದ್ದು ಅದು. ಓಣಿಗೆಲ್ಲ ಸಾರ್ಲಿಕತ್ತೀರಲ್ಲ! ಬೀಸೂಮುಂದ ಹೆಂಗಸ್ರು ಏನ್ ಹಾಡ್ತಾರ, ಒಂದಿನಾರ ಕೇಳೀರೇನು?"

ಸೈದಪ್ಪ ಉತ್ತರಿಸುವಷ್ಟರಲ್ಲಿ ಸಾಬವ್ವ ಎದ್ದಳು. ಗೋಡೆ ಹಿಡಿದು ಬಂದು ಗುಂಡಿಯ ಮೇಲೆ ಕೈಯಿಟ್ಟಳು. ಬಂದ್ ಮಾಡುತ್ತಾಳೆ ಎಂದುಕೊಂಡ. ಅವಳು ಮಾಡಲಿಲ್ಲ, ಇಳಿಸುತ್ತ, ಇಳಿಸುತ್ತ ಬಂದು ಇನ್ನೇನು ಆರಿಹೋಗಬೇಕು ಅನ್ನುವಲ್ಲಿ ಕೈಬಿಟ್ಟಳು. ಚಂದ್ರಬಾಯಿ ಗೊಣಗುತ್ತ ಹೊರಟುಹೋದಳು. ಕಲ್ಲಿನ ಗುಡುಗು ಅಡಗಿತು. ದನಿ ಮಾತ್ರ ಉಳಿಯಿತು, ಪಕ್ಕದಲ್ಲೇ ಕೂತು ಹಾಡಿದಂತೆ:

ಕಲ್ಲವ್ವ ನಿನಗಷ್ಟ ಹೇಳತೀನ ಕೇಳ
ಎಲ್ಲಾರ ಮುಂದ ನಗತಾನ, ಒಳಬಂದರ
ಬೆನ್ನೀಗಿ ಬೀಳತಾವ ಬಾರುಕೋಲ

ಊರವರೆಲ್ಲ ದೇವರಂಥ ಮನುಷ್ಯ ಎನ್ನುತ್ತಿದ್ದ ಅಪ್ಪ. ಸತ್ತಮೇಲೆ ಅವನ ಹೆಸರನ್ನೇ ಸೈದಪ್ಪ ತನ್ನ ಮಗನಿಗೆ ಇಟ್ಟಿದ್ದ. ನಾಚಿಕೆಯೋ ಸಿಟ್ಟೋ ತಿಳಿಯದೆ ವಯರ್ ಕೀಳಲು ಕೈ ಚಾಚಿದ.

ಸಾಬವ್ವ ಅವನ ಮುಂಗೈ ಹಿಡಿದಳು. ಇನ್ನೊಂದು ಕೈಯಲ್ಲಿ ಬಾಗಿಲು ಮುಚ್ಚು ಎಂದು ಸನ್ನೆ ಮಾಡಿದಳು.

ಅವನು ಬಾಗಿಲು ಮುಚ್ಚಿ ಬಂದು ಕೂತ. ಅವ್ವ ಅವನಿಗೆ ಎದುರಾಗಿ ಕೂತು, ಅವನ ಮುಖವನ್ನೇ ನೋಡುತ್ತಿದ್ದಳು. ಪದ ಇನ್ನೂ ಬಹಳವಿತ್ತು. ಒಂದು ನುಡಿಯನ್ನೂ ಬಿಡದೆ ಅವನು ಕೇಳಬೇಕಾಯಿತು.