ನಾಯಿಯ ಎಡಗೆನ್ನೆ

ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದ ದರ್ಜಿ, ಹೊಲಿಗೆ ಯಂತ್ರದ ಕೆಳಗೆ ಮಲಗಿದ್ದ ತನ್ನ ನಾಯಿಯನ್ನು ನೋಡಿ ಅಲ್ಲೇ ಕುಕ್ಕರಿಸಿದ. ಅದರ ಎಡಗಣ್ಣಿನ ಕೆಳಗೆ ನಿಂಬೆಹಣ್ಣಿನಷ್ಟು ಊತ. ಮುಟ್ಟಲು ಹೋದರೆ ಕುಂಯ್ ಎಂದು ಮುಖ ತಿರುಗಿಸಿತು.

ಅವನ ಮನಸ್ಸು ನೇರವಾಗಿ ಓಡಿದ್ದು ಪಕ್ಕದ ಮನೆಗೆ. ಅಲ್ಲಿದ್ದವನು ಒಡಹುಟ್ಟಿದ ತಮ್ಮ, ಬಡಗಿ. ಅಪ್ಪನ ಮನೆಯನ್ನು ಪಾಲು ಮಾಡಿಕೊಂಡಾಗ ಶುರುವಾದ ಮುನಿಸಿಗೆ ಮೂರು ವರ್ಷ. ನಾಯಿಗೆ ಮಾತ್ರ ಆ ಪಾಲು ತಿಳಿದಿರಲಿಲ್ಲ. ಬೇಲಿ ನುಸುಳಿ ಎರಡೂ ಕಡೆ ಓಡಾಡಿಕೊಂಡಿತ್ತು. ಹಿಂದಿನ ದಿನ ತಮ್ಮ ಅದನ್ನು ಗದರಿಸಿದ್ದು ದರ್ಜಿಯ ಕಿವಿಗೆ ಬಿದ್ದಿತ್ತು.

ಅಳತೆಪಟ್ಟಿ ಕೊರಳಲ್ಲಿದ್ದ ಹಾಗೇ ಹೋಗಿ ತಮ್ಮನ ಬಾಗಿಲಲ್ಲಿ ನಿಂತ.

"ನನ್ನ ಮೇಲಿನ ಸಿಟ್ಟನ್ನ ಮೂಕಪ್ರಾಣಿ ಮೇಲೆ ತೀರಿಸ್ಕೊಂಡ್ಯಲ್ಲ. ಯಾವುದ್ರಲ್ಲಿ ಹೊಡೆದೆ?"

ಬಡಗಿ ಉಜ್ಜುತ್ತಿದ್ದ ಹಲಗೆಯಿಂದ ಕೈ ತೆಗೆದ. ಅದನ್ನು ಗೋಡೆಗೆ ಒರಗಿಸಿ ಒಳಗೆ ಹೋದ.

ಪಶು ಆಸ್ಪತ್ರೆಯಲ್ಲಿ ವೈದ್ಯೆ ನಾಯಿಯ ತುಟಿ ಎತ್ತಿ, ಟಾರ್ಚು ಬಿಟ್ಟು ನೋಡಿದರು. ದರ್ಜಿ ಹೊಡೆತದ ಕಥೆ ಹೇಳುತ್ತಲೇ ಇದ್ದ.

"ಮುಖ ಊದ್ಕೊಂಡ್ರೆ ಎಲ್ಲರೂ ಹೊಡೆತ ಅಂತಾನೇ ಅಂದ್ಕೋತಾರೆ," ಎಂದರು ಅವರು. "ಜೇನ್ನೊಣ ಕಚ್ಚಿದ್ರೂ ಊದುತ್ತೆ, ಔಷಧ ಒಗ್ಗದಿದ್ರೂ ಊದುತ್ತೆ. ಒಂದೊಂದ್ಸಲ ಗಡ್ಡೆನೂ ಇರುತ್ತೆ. ಇದು ಹಲ್ಲು. ದವಡೆ ಹಲ್ಲು ಸೀಳಿ ಬೇರಲ್ಲಿ ಕೀವು ಕಟ್ಟಿದೆ. ಆ ಬೇರು ಕಣ್ಣಿನ ಕೆಳಗೇ ಇರೋದು. ಗಟ್ಟಿ ಮೂಳೆ ಹಾಕ್ತೀರಾ?"

ದರ್ಜಿ ಹೌದೆಂದು ತಲೆಯಾಡಿಸಿದ. ಪ್ರತಿ ಭಾನುವಾರ ತಪ್ಪದೆ, ಪ್ರೀತಿಯಿಂದ ಹಾಕುತ್ತಿದ್ದ.

"ತುಂಬಾ ದಿನದಿಂದ ಒಂದೇ ಕಡೆ ಅಗೀತಿದ್ದಿರಬೇಕು. ನೀವು ನೋಡ್ಲಿಲ್ವಾ?"

ನೋಡಿರಲಿಲ್ಲ. ಬಟ್ಟಲು ಖಾಲಿಯಾದರೆ ಸಾಕು, ಹೊಟ್ಟೆ ತುಂಬಿತೆಂದುಕೊಳ್ಳುತ್ತಿದ್ದ.

ಹಲ್ಲು ಕೀಳಿಸಿ, ತೂಕಡಿಸುತ್ತಿದ್ದ ನಾಯಿಯನ್ನು ಸಂಜೆ ಎತ್ತಿಕೊಂಡು ಬಂದವನು ಮೊದಲು ಹೋದದ್ದು ತಮ್ಮನ ಮನೆಗೆ.

"ಹಲ್ಲಂತೆ ಕಣೋ," ಎಂದ. "ನಾನು ಹಾಕಿದ ಮೂಳೆಯಿಂದಾನೇ ಆಗಿದ್ದು. ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ ನಿನ್ನ."

ಬಡಗಿ ನಾಯಿಯ ತಲೆ ಸವರಿದ. ಮಾತಾಡಿದ್ದು ಅವನ ಹೆಂಡತಿ.

"ಹದಿನೈದು ದಿನದಿಂದ ನೋಡ್ತಿದ್ವಿ, ಭಾವ. ಬ್ರೆಡ್ಡು ಹಾಕಿದ್ರೂ ಬಲಗಡೆನೇ ಅಗೀತಿತ್ತು. ಹೇಳೋಣ ಅಂತ ಇವರು ಎರಡು ಸಲ ನಿಮ್ಮ ಅಂಗಡಿ ತನಕ ಹೋಗಿ ತಿರುಗಿ ಬಂದ್ರು. ನಿನ್ನೆ ಗದರಿದ್ದೂ ಅದು ಮರದ ತುಂಡು ಕಚ್ತಿತ್ತು, ಬಾಯಿ ಇನ್ನೂ ನೋಯುತ್ತೆ ಅಂತ."

ಆ ಹದಿನೈದು ದಿನ ನಾಯಿ ತಿಂದ ನೋವನ್ನು ದರ್ಜಿ ಮನಸ್ಸಿನಲ್ಲೇ ತೂಗುತ್ತ ನಿಂತ.

"ಈಗೇನು ತಿನ್ನಬಹುದಂತೆ?" ಬಡಗಿ ಕೊನೆಗೂ ಕೇಳಿದ.

"ಮೆತ್ತಗಿರೋದು. ಹತ್ತು ದಿನ."

ಬಡಗಿ ಬೆಂಚಿನ ಮೇಲಿದ್ದ ಮರದ ಹೊಟ್ಟನ್ನು ಅಂಗೈಯಿಂದ ಸರಿಸಿ, ಅಣ್ಣನಿಗೆ ಕೂರಲು ಜಾಗ ಮಾಡಿದ.