ಬಳೆಗಾರನ ಬೆರಳು

ಈ ವಾರವೂ ಔಷಧ ಬಂದಿಲ್ಲವೆಂದು ಕಾಂಪೌಂಡರ್ ವೆಂಕೋಬ ಬಾಗಿಲಿಗೆ ಬಂದು ಹೇಳಿದಾಗ, ರಾಯಚೂರಿನ ಆ ದವಾಖಾನೆಯ ಪಡಸಾಲೆಯಿಂದ ಯಾರೂ ಎದ್ದು ಹೋಗಲಿಲ್ಲ. ಬೂದೆಮ್ಮ ಬುತ್ತಿಗಂಟು ಬಿಚ್ಚಿದಳು. ಪೀರಾ ಸಾಬ್ ಗೋಡೆಗೆ ಒರಗಿ ಕಾಲು ಚಾಚಿದ. ಪ್ರತಿ ಸೋಮವಾರ ಬಂದು ಬಂದು ಅವರಿಗೆ ಆ ಜಾಗ ಊರಕಟ್ಟೆಯಷ್ಟೇ ರೂಢಿಯಾಗಿತ್ತು.

ಅಲ್ಲಿ ಕೂತವರೆಲ್ಲರದೂ ಒಂದೇ ಬೇನೆ. ಅಂಗೈಯ ಚರ್ಮದಡಿ ಹುರಿಯಂಥದೊಂದು ಗಂಟು ಬೆಳೆದು ಬೆರಳನ್ನು ಒಳಕ್ಕೆ ಎಳೆದುಕೊಂಡಿತ್ತು. ನೋವಿಲ್ಲ, ಆದರೆ ಬಿಡಿಸಲು ಬಾರದು. ಹೊಸದೊಂದು ಸೂಜಿಮದ್ದು ಬರಲಿದೆ, ಅದರ ಗುಣ ಇನ್ನೂ ಪರೀಕ್ಷೆಯಾಗಬೇಕು, ಒಪ್ಪಿಗೆಯಿದ್ದವರಿಗೆ ಕೊಟ್ಟು ನೋಡುತ್ತೇವೆ ಎಂದು ಡಾಕ್ಟರು ಎಂಬತ್ಮೂರರ ಬೇಸಿಗೆಯಲ್ಲೇ ಹೇಳಿದ್ದರು. ಹೈದರಾಬಾದಿನಿಂದ ಒಮ್ಮೆ ಮದ್ದು ಬಂದಿತ್ತು ಕೂಡ. ದಾರಿಯಲ್ಲಿ ಐಸು ಕರಗಿ ಕೆಟ್ಟಿದೆಯೆಂದು ಹಾಗೇ ವಾಪಸು ಹೋಯಿತು.

ಮಲ್ಲಟದ ಬೂದೆಮ್ಮನದು ಎಡಗೈ. ತಾನು ಬಡಿದ ರೊಟ್ಟಿಯ ತುಂಬ ಗೆಣ್ಣಿನ ಕುಣಿ ಬೀಳುತ್ತವೆ, ಸೊಸೆ ನೋಡಿ ನಕ್ಕು ಹಿಟ್ಟು ಕಸಿದುಕೊಳ್ಳುತ್ತಾಳೆ ಎಂದು ಹೇಳಿ ಅವಳೇ ಮೊದಲು ನಗುತ್ತಿದ್ದಳು. ಪೀರಾ ಸಾಬನದು ಬಲಗೈಯ ಕೊನೆಯ ಎರಡು ಬೆರಳು. ಮಾನ್ವಿಯಲ್ಲಿ ಅವನದು ಬಳೆ ವ್ಯಾಪಾರ. ಹೆಣ್ಣುಮಕ್ಕಳ ಕೈಯನ್ನು ಮೆತ್ತಗೆ ಅಮುಕಿ ಬಳೆ ಏರಿಸುವ ಕೆಲಸ. ಕೊಕ್ಕೆಯಾದ ಬೆರಳಿಗೆ ತಾಗಿ ಗಾಜು ಒಡೆಯತೊಡಗಿದ ಮೇಲೆ ಗಿರಾಕಿಗಳು ಕೈ ಹಿಂದಕ್ಕೆಳೆದುಕೊಂಡರು. ಆಗ ಸೆರಗು ಬಿಗಿದು ಮುಂದೆ ಬಂದವಳು ಹೆಂಡತಿ ಜೈಬುನ್ನೀಸಾ. ಹೊಸಿಲು ದಾಟಲು ಹಿಂಜರಿಯುತ್ತಿದ್ದವಳು ವರ್ಷ ತುಂಬುವುದರೊಳಗೆ ಮುಂಗೈ ನೋಡಿಯೇ ಬಳೆಯ ಅಳತೆ ಹೇಳುವಂತಾದಳು. ಪೆಟ್ಟಿಗೆ ಹೊರುವುದು, ಮಾತಾಡಿಸುವುದು ಅಷ್ಟೇ ಪೀರಾ ಸಾಬನಿಗೆ ಉಳಿದದ್ದು.

ದವಾಖಾನೆಗೂ ಅವಳು ಬಳೆಪೆಟ್ಟಿಗೆ ಬಿಟ್ಟು ಬಂದವಳಲ್ಲ; ಅಲ್ಲಿಗೆ ಮಾತ್ರ ತಾನೇ ಹೊತ್ತು ತರುತ್ತಿದ್ದಳು. ಆ ದಿನ ಪಡಸಾಲೆಯ ಆಚೆ ತುದಿಯಲ್ಲಿ ಇಬ್ಬರು ನರ್ಸುಗಳಿಗೆ ಬಳೆ ತೊಡಿಸುತ್ತ ಏನೋ ಅಂದಳು. ಅವರು ಬಿದ್ದು ಬಿದ್ದು ನಕ್ಕರು. ಬೂದೆಮ್ಮ ರೊಟ್ಟಿ ಮುರಿಯುತ್ತಲೇ ಅದನ್ನು ನೋಡಿ, ಪೀರಾ ಸಾಬನ ಕಡೆ ತಿರುಗಿದಳು.

"ಕೈ ನೆಟ್ಟಗಾತಂದ್ರ ಆಕೀನ್ನ ಮತ್ತ ಮನ್ಯಾಗ ಕುಂದ್ರಸ್ತೀ ಏನಪಾ?"

ಬೂದೆಮ್ಮ ಕೊಟ್ಟ ರೊಟ್ಟಿಯ ತುತ್ತು ಪೀರಾ ಸಾಬನ ಕೈಯಲ್ಲೇ ಉಳಿಯಿತು. ಬೆರಳು ನೆಟ್ಟಗಾಗಿ ತಾನು ಮತ್ತೆ ಸಂತೆಯಲ್ಲಿ ಚಾಪೆ ಹಾಸುವುದನ್ನು ಅವನು ಎಷ್ಟೋ ಸಲ ಕಣ್ಮುಂದೆ ತಂದುಕೊಂಡಿದ್ದ. ಆಗ ಜೈಬುನ್ನೀಸಾ ಎಲ್ಲಿರುತ್ತಾಳೆಂದು ಯೋಚಿಸಿರಲೇ ಇಲ್ಲ. ಚಟ್ನಿ ಚಲೋ ಆಗಿದೆಯೆಂದು ಹೇಳಿ ಮಾತು ಮರೆಸಿದ.

ಕೊನೆಗೂ ಮದ್ದು ಬಂದ ಸುದ್ದಿ ಮಾನ್ವಿಗೆ ಮುಟ್ಟಿತು. ಹೊರಡುವ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಹೆಂಡತಿಯ ಕೈಯಲ್ಲಿ ಬಳೆಪೆಟ್ಟಿಗೆ ಇಲ್ಲದಿರುವುದು ಪೀರಾ ಸಾಬನ ಕಣ್ಣಿಗೆ ಬಿತ್ತು. ಪೆಟ್ಟಿಗೆ ಎಲ್ಲಿ ಎಂದು ಕೇಳಿದ. ಇನ್ನು ನನಗೇಕೆ ಅದು, ನಿಮ್ಮ ಕೈ ವಾಸಿಯಾಗುತ್ತದಲ್ಲ ಎಂದು ಅವಳು ನೆಲ ನೋಡುತ್ತ ಮನೆಮಾತಾದ ಉರ್ದುವಿನಲ್ಲಿ ಹೇಳಿದಳು. ಬಸ್ಸು ಹಾರ್ನ್ ಹಾಕುತ್ತಿತ್ತು. ಪೀರಾ ಸಾಬ್ ಮನೆಗೆ ಓಡಿ ಹೋಗಿ, ಪೆಟ್ಟಿಗೆಯನ್ನು ಹೆಗಲ ಮೇಲಿಟ್ಟುಕೊಂಡು ಏದುಸಿರು ಬಿಡುತ್ತ ಬಂದ. ಬಸ್ಸು ಹೋಗಿಬಿಟ್ಟಿತ್ತು. ಮುಂದಿನ ಬಸ್ಸಿಗೆ ಹೋದರು.

ದವಾಖಾನೆಯಲ್ಲಿ ಡಾಕ್ಟರು ಎಲ್ಲರನ್ನೂ ಕೂರಿಸಿ ಬಿಡಿಸಿ ಹೇಳಿದರು. ಅರ್ಧ ಜನಕ್ಕೆ ನಿಜವಾದ ಮದ್ದು, ಇನ್ನರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಸದ್ಯಕ್ಕೆ ತಮಗೂ ಗೊತ್ತಿರುವುದಿಲ್ಲ. ಮದ್ದು ಗುಣ ಕೊಟ್ಟರೆ ನೀರು ಬಿದ್ದವರಿಗೂ ಆಮೇಲೆ ಸಿಗುತ್ತದೆ. ಬೇಡವಾದವರು ಏಳಬಹುದು. ಯಾರೂ ಏಳಲಿಲ್ಲ. ತನಗೆ ನೀರು ಬಂದರೆ ಸೊಸೆಯ ಕೈ ರೊಟ್ಟಿ ಇನ್ನಷ್ಟು ದಿನ ಉಣ್ಣಬಹುದೆಂದು ಬೂದೆಮ್ಮ ಅಂದಾಗ ಡಾಕ್ಟರೂ ನಕ್ಕರು.

ಸೂಜಿ ಚುಚ್ಚಿಸಿಕೊಂಡು, ಅಂಗೈಗೆ ಪಟ್ಟಿ ಸುತ್ತಿಸಿಕೊಂಡು ಪೀರಾ ಸಾಬ್ ಹೊರಗೆ ಬಂದ. ಜೈಬುನ್ನೀಸಾ ಎದ್ದು ನಿಂತಳು. ಪಕ್ಕದಲ್ಲಿದ್ದ ಬೂದೆಮ್ಮನಿಗೂ ತಿಳಿಯಲೆಂದು ಅವನು ಕನ್ನಡದಲ್ಲೇ ಹೇಳಿದ.

"ಕೈ ನೆಟ್ಟಗಾತಂದ್ರ ದೇವದುರ್ಗದ ಸಂತಿ ನೀ ಹಿಡಿ. ಮಾನ್ವಿ ನಾ ನೋಡ್ಕೊಂತೀನಿ."

"ಸೂಜ್ಯಾಗ ಬರೇ ನೀರಿದ್ರ?"

"ನೀರಿದ್ರ ಎರಡೂ ನೀನ ಹಿಡಿ. ಪೆಟ್ಟಿಗಿ ಹೊರಾಕ ನಾ ಇದ್ದೀನಲ್ಲ."

ಜೈಬುನ್ನೀಸಾ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು; ನಗು ಕಣ್ಣಿನಲ್ಲಿ ಕಂಡಿತು. ಬೂದೆಮ್ಮ ಅವಳ ಬೆನ್ನ ಮೇಲೊಂದು ಮೆತ್ತನೆಯ ಏಟು ಹಾಕಿ ತನ್ನ ಸರದಿಗೆ ಒಳಗೆ ಹೋದಳು.

ತಿರುಗಿ ಬರುವಾಗ ಕಲ್ಮಲದಲ್ಲಿ ತುಂಬು ಬಸುರಿಯೊಬ್ಬಳು ತಾಯಿಯೊಂದಿಗೆ ಬಸ್ಸು ಹತ್ತಿದಳು. ತವರಿಗೆ ಹೊರಟವಳು. ಪೆಟ್ಟಿಗೆ ಕಂಡದ್ದೇ ತಾಯಿ ಹಸಿರು ಬಳೆ ಕೇಳಿದಳು. ಇಳಿದ ಮೇಲೆ ತೊಡಿಸಿದರಾಗದೇ ಎಂದು ಕಂಡಕ್ಟರ್ ಗೊಣಗಿದ. ಜೈಬುನ್ನೀಸಾ ಆಗಲೇ ಹುಡುಗಿಯ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ರಸ್ತೆ ಕೆಟ್ಟಿತ್ತು. ಬಸ್ಸು ಎತ್ತೆತ್ತಿ ಹಾಕುತ್ತಿತ್ತು. ಪೀರಾ ಸಾಬ್ ಎರಡೂ ಮೊಣಕೈಗಳ ನಡುವೆ ಪೆಟ್ಟಿಗೆಯನ್ನು ಒತ್ತಿ ಹಿಡಿದು, ಮುಂದಿನ ಕುಣಿ ಕಂಡಾಗಲೆಲ್ಲ ತಡೆ ಎನ್ನುತ್ತಿದ್ದ, ಅವಳು ತಡೆಯುತ್ತಿದ್ದಳು, ಕುಣಿ ದಾಟಿದೊಡನೆ ಇನ್ನೊಂದು ಬಳೆ ಗೆಣ್ಣು ದಾಟಿ ಮುಂಗೈಗೆ ಜಾರುತ್ತಿತ್ತು.